ಮಗುವಿನ ಜೀವನಾಂಶ: ಜೈಲಿಗೆ ಹೋಗಿ ಬಂದರೂ ಬಾಕಿ ಬಾಕಿಯೇ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ಗಂಡ ಹೆಂಡತಿ ಬೇರೆ ಆಗಿದ್ದಾರೆ, ಮಗು ಒಬ್ಬರ ಹತ್ತಿರ ಇದೆ, ಇನ್ನೊಬ್ಬರು ದುಡ್ಡು ಕೊಡುತ್ತಿಲ್ಲ. ಕೊಡದೆ ಕೂತವರೂ ಬರೆದಿದ್ದಾರೆ, ಬರಬಹುದು ಅಂತ ಕಾಯುತ್ತಿರುವವರೂ ಬರೆದಿದ್ದಾರೆ. ಹಾಗಾಗಿ ಹೊಲ-ಮನೆ ಪಾಲಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಉಳಿಸಿದ್ದೇನೆ. ಪತ್ರ ಉದ್ದ ಇದ್ದ ಕಡೆ ಕತ್ತರಿಸಿದ್ದೇನೆ. ಬೈಗುಳ ಇದ್ದ ಕಡೆಯೂ!

ಗಂಗಾವತಿಯಿಂದ ಒಬ್ಬರು: ಮೇಡಂ, ನಾನು ಭತ್ತದ ಕಮಿಷನ್ ವ್ಯಾಪಾರ ಮಾಡುತ್ತೇನೆ. ಹೆಂಡತಿ ಬೇರೆಯಾಗಿ ಮೂರು ವರ್ಷ ಆಯ್ತು. ಮಗ ಅವಳ ಜೊತೆ ಬಳ್ಳಾರಿಯಲ್ಲಿದ್ದಾನೆ. ಮಗನಿಗೆ ತಿಂಗಳಿಗೆ 9,000 ರೂಪಾಯಿ ಕೊಡಬೇಕು ಅಂತ ಕೋರ್ಟ್ ಆದೇಶ ಇದೆ. ಅವಳಿಗೆ ಏನೂ ಇಲ್ಲ, ಅವಳು ಶಾಲೆಯಲ್ಲಿ ಟೀಚರ್. ಮೊದಲು ಸರಿಯಾಗಿ ಕೊಟ್ಟೆ. ಆದರೆ ಅವಳು ಮಗನನ್ನು ತೋರಿಸುವುದಿಲ್ಲ. ಯುಗಾದಿಗೆ ಬಟ್ಟೆ ತಗೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದರು. ಅವತ್ತಿನಿಂದ ನಾನೂ ಕೊಡುವುದನ್ನು ನಿಲ್ಲಿಸಿದೆ. ಹನ್ನೊಂದು ತಿಂಗಳಾಯಿತು. ಜಾಸ್ತಿ ಅಂದರೆ ಒಂದು ತಿಂಗಳು ಜೈಲು, ಹೋಗಿ ಬಂದರೆ ಲೆಕ್ಕ ಚುಕ್ತಾ ಅಂತ ಗೆಳೆಯರು ಹೇಳುತ್ತಾರೆ. ಒಂದು ವರ್ಷ ದಾಟಿದರೆ ಅವಳು ಕೇಳುವ ಹಾಗೂ ಇಲ್ಲವಂತೆ. ನಿಜವೇ?

ಮೊದಲು ಲೆಕ್ಕ ಮಾಡೋಣ, ನೀವು ವ್ಯಾಪಾರಸ್ಥರು. 9,000 ರೂಪಾಯಿ, ಹನ್ನೊಂದು ತಿಂಗಳು: 99,000. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಇನ್ನೊಂದು ತಿಂಗಳು ಸೇರಿ 1,08,000. ಇದು ಹೆಂಡತಿಗೆ ಕೊಡಬೇಕಾದ ದುಡ್ಡಲ್ಲ. ಆದೇಶ ಇರುವುದು ಮಗನಿಗೆ. ಅವನ ಪರವಾಗಿ ಇಸಿದುಕೊಳ್ಳುವುದಷ್ಟೇ ಅವರ ಕೆಲಸ. ನಿಮ್ಮ ಪೂರ್ತಿ ಪತ್ರ ನನ್ನ ಮುಂದಿದೆ. ನಾಲ್ಕು ಪುಟದಲ್ಲಿ ‘ಅವಳು’ ಅನ್ನುವುದು ಸಾಲುಸಾಲಿಗೂ ಇದೆ. ಮಗ ಯಾವ ಶಾಲೆ, ಎಷ್ಟನೇ ಕ್ಲಾಸು ಅನ್ನುವುದು ಒಂದು ಕಡೆಯೂ ಇಲ್ಲ. ಇದನ್ನು ಚುಚ್ಚಲಿಕ್ಕೆ ಹೇಳುತ್ತಿಲ್ಲ. ನಾಳೆ ನ್ಯಾಯಾಧೀಶರ ಕಣ್ಣಿಗೂ ಮೊದಲು ಬೀಳುವುದು ಇದೇ.

ಗೆಳೆಯರು ಹೇಳಿದ್ದರಲ್ಲಿ ಜೈಲಿನ ಮಾತು ನಿಜ. ಚುಕ್ತಾ ಆಗುವ ಮಾತು ಸುಳ್ಳು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನಂಬರ್ ಬದಲಾದರೂ ಕೋರ್ಟ್ ಆವರಣದಲ್ಲಿ ಈಗಲೂ ಎಲ್ಲರೂ ‘ನೂರಿಪ್ಪತ್ತೈದು’ ಅಂತಲೇ ಅನ್ನುವುದು. ಅದರ ಪ್ರಕಾರ ಸರಿಯಾದ ಕಾರಣ ಇಲ್ಲದೆ ಜೀವನಾಂಶ ಕೊಡದಿದ್ದರೆ ಕೋರ್ಟ್ ಮೊದಲು ವಸೂಲಿ ವಾರಂಟ್ ಹೊರಡಿಸಬಹುದು. ದಂಡ ವಸೂಲಿ ಮಾಡುವ ರೀತಿಯಲ್ಲೇ ಇದೂ. ಅಂದರೆ ನಿಮ್ಮ ಚರ ಆಸ್ತಿ ಜಪ್ತಿ ಮಾಡಿ ಮಾರಬಹುದು. ಇಲ್ಲವೇ ಜಿಲ್ಲಾಧಿಕಾರಿಗೆ ಬರೆದು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಆಗ ಸೈಟು, ಹೊಲ, ಅಂಗಡಿ ಎಲ್ಲ ಬರುತ್ತದೆ. ಅದಾದ ಮೇಲೂ ಉಳಿದ ಬಾಕಿಗೆ ಜೈಲು: ಒಂದು ತಿಂಗಳವರೆಗೆ, ಅದಕ್ಕೆ ಮೊದಲೇ ಕಟ್ಟಿದರೆ ಕಟ್ಟುವವರೆಗೆ.

ಜೈಲಿಗೆ ಹೋಗಿ ಬಂದ ಮೇಲೆ? ಬಾಕಿ ಹಾಗೇ ಕೂತಿರುತ್ತದೆ. ಸುಪ್ರೀಂ ಕೋರ್ಟ್ 1989ರಲ್ಲೇ, ಕುಲದೀಪ್ ಕೌರ್ ಅವರ ಪ್ರಕರಣದಲ್ಲಿ, ಇದನ್ನು ಬಿಡಿಸಿ ಹೇಳಿದೆ. ಜೈಲು ಅನ್ನುವುದು ಕೊಡಿಸಲಿಕ್ಕೆ ಇರುವ ದಾರಿ, ಕೊಟ್ಟ ಹಾಗೆ ಅಲ್ಲ. ನಿಜವಾಗಿ ಕಟ್ಟಿದಾಗ ಮಾತ್ರ ಬಾಕಿ ತೀರುತ್ತದೆ. ನೀವು ಒಳಗಿದ್ದ ತಿಂಗಳಿನ 9,000 ಕೂಡ ಅದಕ್ಕೇ ಸೇರುತ್ತದೆ. ಬಂದ ಮೇಲೆ ಇನ್ನೊಂದು ಅರ್ಜಿ ಬೀಳುತ್ತದೆ, ಇನ್ನೊಂದು ವಾರಂಟ್ ಬರುತ್ತದೆ. ಕೋರ್ಟ್ ಮುಂದಿನ ಚಹಾ ಅಂಗಡಿಯಲ್ಲಿ ಈ ‘ಒಂದು ತಿಂಗಳಿಗೆ ಚುಕ್ತಾ’ ಸಲಹೆ ಪುಕ್ಕಟೆ ಸಿಗುತ್ತದೆ. ಕೊಟ್ಟವರು ಚಹಾ ಮುಗಿಸಿ ಮನೆಗೆ ಹೋಗುತ್ತಾರೆ, ನಂಬಿದವರು ನನ್ನ ಆಫೀಸಿಗೆ ಬರುತ್ತಾರೆ.

ನಿಮ್ಮ ವಿಷಯದಲ್ಲಿ ಜೈಲಿಗಿಂತ ವಾರಂಟ್ ಬಗ್ಗೆ ನನಗೆ ಜಾಸ್ತಿ ಚಿಂತೆ. ಕಮಿಷನ್ ವ್ಯಾಪಾರ ನಡೆಯುವುದು ನಂಬಿಕೆ ಮೇಲೆ. ರೈತ ಭತ್ತ ತಂದು ಹಾಕುತ್ತಾನೆ, ದುಡ್ಡು ವಾರ ಬಿಟ್ಟು ಇಸಿದುಕೊಳ್ಳುತ್ತಾನೆ. ಮಿಲ್ಲಿನವರು ನಿಮ್ಮ ಮಾತಿನ ಮೇಲೆ ಲೋಡ್ ಎತ್ತುತ್ತಾರೆ. ಅಂಥ ಅಂಗಡಿಗೆ ಸುಗ್ಗಿಯಲ್ಲಿ ಪೊಲೀಸರು ವಾರಂಟ್ ಹಿಡಿದು ಬಂದರು ಅನ್ನುವ ಸುದ್ದಿ ಗಂಗಾವತಿಯಿಂದ ಕಾರಟಗಿಗೆ ಹೋಗಲಿಕ್ಕೆ ಎಷ್ಟು ಹೊತ್ತು ಬೇಕು? ‘ಸ್ವಂತ ಮಗನಿಗೇ ಕೊಡದವನು ನಮಗೆ ಕೊಡ್ತಾನಾ’ ಅನ್ನುವ ಮಾತು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಆದರೆ ಪೇಟೆಯಲ್ಲಿ ಇದೆ.

ಒಂದು ವರ್ಷದ ಮಾತು. ಇದೂ ಪೂರ್ತಿ ಸುಳ್ಳಲ್ಲ, ಅದಕ್ಕೇ ಮಂದಿ ನಂಬುತ್ತಾರೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಈ ವಾರಂಟ್ ದಾರಿ ಸಿಗುತ್ತದೆ ಅಂತ ಕಾನೂನಿನಲ್ಲೇ ಇದೆ. ಆದರೆ ವರ್ಷ ದಾಟಿದರೆ ಹಕ್ಕೇ ಹೋಯಿತು ಅಂತ ಅಲ್ಲ. 2013ರಲ್ಲಿ ಪೂಂಗೋಡಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ವಾರಂಟ್, ಜೈಲಿನ ದಾರಿ ಮುಚ್ಚಬಹುದು, ಸಿವಿಲ್ ದಾರಿಯಲ್ಲಿ ವಸೂಲಿ ಮಾಡುವುದು ಉಳಿದೇ ಇರುತ್ತದೆ. ಅಗಸಿ ಬಾಗಿಲು ಮುಚ್ಚಿದರೂ ದಿಡ್ಡಿ ಬಾಗಿಲು ತೆರೆದೇ ಇರುವ ಹಾಗೆ. ಅಲ್ಲದೆ, ನಿಮ್ಮ ಹೆಂಡತಿ ಹನ್ನೊಂದನೇ ತಿಂಗಳಲ್ಲಿ ಅರ್ಜಿ ಹಾಕಿಬಿಟ್ಟಿದ್ದರೆ? ನೋಟಿಸ್ ಇನ್ನೂ ನಿಮ್ಮ ಕೈಗೆ ಬಂದಿಲ್ಲ ಅನ್ನುವುದಕ್ಕೆ ಅರ್ಜಿ ಬಿದ್ದಿಲ್ಲ ಅಂತ ಅರ್ಥ ಅಲ್ಲ.

ಅವರಿಗೆ ಸಂಬಳ ಇದೆಯಲ್ಲ ಅನ್ನುತ್ತೀರಿ. ಇದೆ, ಅದಕ್ಕೇ ಅವರಿಗೆ ಜೀವನಾಂಶ ಕೊಟ್ಟಿಲ್ಲ. ಮಕ್ಕಳ ಖರ್ಚು ಅಪ್ಪ ಅಮ್ಮ ಇಬ್ಬರದೂ, ಅವರವರ ಆದಾಯಕ್ಕೆ ತಕ್ಕಂತೆ ಅಂತ 2000ದಲ್ಲಿ ಪದ್ಮಜಾ ಶರ್ಮಾ ಪ್ರಕರಣದ ತೀರ್ಪು ಹೇಳುತ್ತದೆ. ಅಮ್ಮ ದುಡಿಯುತ್ತಾಳೆ ಅಂತ ಅಪ್ಪನ ಪಾಲು ಸೊನ್ನೆ ಆಗುವುದಿಲ್ಲ. ಮಗ ಅವರ ಮನೆಯಲ್ಲೇ ಇರುವುದರಿಂದ ಬಾಡಿಗೆ, ಅಡುಗೆ, ಜ್ವರ ಬಂದಾಗ ರಜೆ, ಹೋಂವರ್ಕ್ ಎಲ್ಲ ಅವರು ಆಗಲೇ ಕೊಡುತ್ತಿದ್ದಾರೆ ಅಲ್ವಾ?

ಈಗ ನಿಮ್ಮ ನಿಜವಾದ ನೋವಿಗೆ ಬರುತ್ತೇನೆ. ಬಾಗಿಲಲ್ಲಿ ನಿಂತು ವಾಪಸ್ ಬರುವುದು ಸಣ್ಣ ಅವಮಾನ ಅಲ್ಲ. ಮಗನನ್ನು ನೋಡುವ ಹಕ್ಕು ನಿಮಗೆ ಇದೆ. ಅದಕ್ಕಿಂತ ಹೆಚ್ಚಾಗಿ, ಅಪ್ಪನನ್ನು ನೋಡುವ ಹಕ್ಕು ಅವನಿಗೆ ಇದೆ. ಆದರೆ ಕೋರ್ಟಿನಲ್ಲಿ ಇವೆರಡೂ ಬೇರೆ ಬೇರೆ ಕಡತ. ಅವರು ತೋರಿಸಲಿಲ್ಲ ಅಂತ ನೀವು ನಿಲ್ಲಿಸುವ ಹಾಗಿಲ್ಲ. ನೀವು ಕೊಡಲಿಲ್ಲ ಅಂತ ಅವರು ತಡೆಯುವ ಹಾಗೂ ಇಲ್ಲ. ಭೇಟಿಗೆ ಅವಕಾಶ ಕೊಡಿ ಅಂತ ಅರ್ಜಿ ಹಾಕಿ. ಮಗ ಎಲ್ಲಿ ವಾಸ ಇದ್ದಾನೋ ಅಲ್ಲಿನ ಕೋರ್ಟಿಗೆ ಹಾಕಬೇಕು, ಅಂದರೆ ನೀವು ಬಳ್ಳಾರಿಗೆ ಬರಬೇಕು. ತಿಂಗಳಿಗೆ ಎರಡು ಭಾನುವಾರ, ಹಬ್ಬದ ಒಂದು ದಿನ, ಬೇಸಿಗೆ ರಜೆಯಲ್ಲಿ ಒಂದಷ್ಟು ದಿನ ಅಂತ ಸ್ಪಷ್ಟವಾಗಿ ಕೇಳಿ. ಸುಮ್ನೆ ‘ಮಗನನ್ನು ತೋರಿಸಲಿ’ ಅಂತ ಬರೆದರೆ ಆದೇಶವೂ ಹಾಗೇ ಅಸ್ಪಷ್ಟ ಆಗುತ್ತದೆ. ಒಂದು ಮಾತು ನೆನಪಿರಲಿ: 1,08,000 ಬಾಕಿ ಇಟ್ಟುಕೊಂಡು ಈ ಅರ್ಜಿ ಹಾಕಿದರೆ ಎದುರು ವಕೀಲರು ಬಾಯಿ ತೆರೆಯುವ ಮೊದಲ ಸಾಲೇ ಅದು. ಬಾಕಿ ಕಟ್ಟಿ ಬಂದ ಅಪ್ಪ ಕೇಳುವುದಕ್ಕೂ, ಬಾಕಿ ಇಟ್ಟುಕೊಂಡ ಅಪ್ಪ ಕೇಳುವುದಕ್ಕೂ ಕೋರ್ಟ್ ಹಾಲಿನಲ್ಲಿ ತುಂಬಾ ವ್ಯತ್ಯಾಸ.

ಹೈಕೋರ್ಟಿಗೆ ಹೋಗುತ್ತೇನೆ ಅಂತಲೂ ಬರೆದಿದ್ದೀರಿ. ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ. ಹೋಗಬಹುದು. ಆದರೆ ಅಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಇಲ್ಲಿನ ಆದೇಶ ನಿಲ್ಲುವುದಿಲ್ಲ. ಬೇರೆಯಾಗಿ ತಡೆಯಾಜ್ಞೆ ಬೇಕು. ಅದನ್ನು ಕೊಡುವ ಮೊದಲು ‘ಬಾಕಿಯಲ್ಲಿ ಇಷ್ಟು ಕಟ್ಟಿ ಬನ್ನಿ’ ಅನ್ನುವುದು ಅಲ್ಲಿ ಮಾಮೂಲು. ಕೊನೆಗೆ ಕಟ್ಟುವುದು ತಪ್ಪಲಿಲ್ಲ, ಧಾರವಾಡದ ಖರ್ಚು ಮೇಲೆ ಬಿತ್ತು.

ನನ್ನ ಸಲಹೆ ಇಷ್ಟು. ಈ ತಿಂಗಳಿನ 9,000 ಇವತ್ತೇ ಬ್ಯಾಂಕ್ ಮೂಲಕ ಹಾಕಿ. ಹಳೆ ಬಾಕಿಯಲ್ಲಿ ಕೈಲಾದಷ್ಟು ದೊಡ್ಡ ಮೊತ್ತ ಒಂದೇ ಸಲ ಕಟ್ಟಿ, ಉಳಿದದ್ದಕ್ಕೆ ಕಂತು ಮಾಡಿಕೊಡಿ ಅಂತ ಕೋರ್ಟಿಗೆ ನೀವಾಗಿಯೇ ಹೋಗಿ. ವಾರಂಟ್ ಬಂದ ಮೇಲೆ ಹೋಗುವುದಕ್ಕಿಂತ ಮೊದಲೇ ಹೋದವರ ಮಾತನ್ನು ಹೆಚ್ಚು ತಾಳ್ಮೆಯಿಂದ ಕೇಳುತ್ತಾರೆ.

ಸಂಡೂರು ತಾಲೂಕಿನಿಂದ ಒಬ್ಬ ತಾಯಿ: ನನ್ನ ಗಂಡ ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದ. ಇಬ್ಬರು ಹೆಣ್ಣುಮಕ್ಕಳು ನನ್ನ ಹತ್ತಿರ ಇದ್ದಾರೆ. ನಾನು ಕೇಸ್ ಹಾಕುತ್ತೇನೆ ಅಂತ ಗೊತ್ತಾದ ಕೂಡಲೇ ಕೆಲಸ ಬಿಟ್ಟು ‘ನನಗೆ ಆದಾಯವೇ ಇಲ್ಲ’ ಅನ್ನುತ್ತಿದ್ದಾನೆ. ಈಗ ಯಾರದೋ ಟಿಪ್ಪರ್ ಓಡಿಸುತ್ತಾನೆ, ಕೂಲಿ ಕೈಗೆ ಬರುತ್ತದೆ. ಎರಡು ಎಕರೆ ಹೊಲವನ್ನೂ ಅಣ್ಣನ ಹೆಸರಿಗೆ ಮಾಡಿಸಿದ್ದಾನೆ. ನನಗೆ ವಕೀಲರ ಫೀಸಿಗೂ ದುಡ್ಡಿಲ್ಲ. ಕೇಸ್ ಹಾಕಿ ಪ್ರಯೋಜನ ಇದೆಯಾ?

ಇದೆ. ತಡ ಮಾಡಬೇಡಿ ಅನ್ನುವುದಕ್ಕೆ ಒಂದು ಗಟ್ಟಿ ಕಾರಣವೂ ಇದೆ. 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ಆದೇಶ ಬಂದ ದಿನದಿಂದ ಅಲ್ಲ. ಎರಡು ಮಕ್ಕಳಿಗೆ ಸೇರಿ ತಿಂಗಳಿಗೆ 6,000 ಅಂತ ಆಯಿತು ಅನ್ನಿ. ಕೇಸ್ ಎರಡು ವರ್ಷ ನಡೆಯಿತು ಅನ್ನಿ. ಆದೇಶ ಬಂದ ದಿನವೇ ಅವನ ತಲೆ ಮೇಲೆ 1,44,000 ಇರುತ್ತದೆ. ವಾಯಿದೆ ಮೇಲೆ ವಾಯಿದೆ ಕೇಳಿ ಎಳೆದಷ್ಟೂ ಅವನ ಬಾಕಿಯೇ ಬೆಳೆಯುತ್ತದೆ. ನೀವು ಅರ್ಜಿ ಹಾಕದೆ ಕೂತ ತಿಂಗಳುಗಳು ಮಾತ್ರ ಹೀಗೆ ಸಿಗುವುದಿಲ್ಲ.

‘ಆದಾಯ ಇಲ್ಲ’ ಅನ್ನುವ ಮಾತು ಈ ಭಾಗದ ಕೋರ್ಟುಗಳಿಗೆ ಹೊಸದಲ್ಲ. ಅದೇ ತೀರ್ಪಿನಿಂದಾಗಿ ಈಗ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲ ಬರೆದು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಅದರಲ್ಲಿ ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಆರೋಗ್ಯವಾಗಿ, ಕೈಕಾಲು ಗಟ್ಟಿ ಇರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ 2022ರಲ್ಲಿ ಅಂಜು ಗರ್ಗ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಕೇಸ್ ಹಾಕುವ ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟದ್ದನ್ನು ನ್ಯಾಯಾಧೀಶರು ಕಾಕತಾಳೀಯ ಅಂತ ನೋಡುವುದಿಲ್ಲ.

ಹೊಲದ ವಿಷಯಕ್ಕೆ ಪಹಣಿ ತೆಗೆಸಿ, ಮ್ಯುಟೇಷನ್ ನಕಲೂ ತೆಗೆಸಿ. ಯಾವ ತಾರೀಖಿಗೆ ಅಣ್ಣನ ಹೆಸರಿಗೆ ಹೋಯಿತು, ದಾನಪತ್ರವೋ ಕ್ರಯವೋ, ಅದರಲ್ಲೇ ಬರುತ್ತದೆ. ಗಂಡ ಹೆಂಡತಿ ಜಗಳ ಠಾಣೆ ಮೆಟ್ಟಿಲು ಹತ್ತಿದ ವಾರದಲ್ಲೇ ದಾನಪತ್ರ ಆಗಿದ್ದರೆ ಆ ತಾರೀಖೇ ಮಾತಾಡುತ್ತದೆ. ಟಿಪ್ಪರ್ ನಂಬರ್, ಮಾಲೀಕರು ಯಾರು, ಯಾವ ಗಣಿ ದಾರಿಯಲ್ಲಿ ಓಡುತ್ತದೆ ಅನ್ನುವುದನ್ನು ಬರೆದಿಡಿ. ಮೊಬೈಲಿನಲ್ಲಿ ಅವನು ಹಾಕಿಕೊಂಡ ಹೊಸ ಬೈಕಿನ ಸ್ಟೇಟಸ್ ಇದ್ದರೆ ಅದನ್ನೂ ತೆಗೆದಿಡಿ. ನಗಬೇಡಿ. ‘ಆದಾಯ ಇಲ್ಲ’ ಅಂದವರನ್ನು ಸಿಕ್ಕಿಹಾಕಿಸುವುದು ಬಹಳ ಸಲ ಅವರ ಸ್ಟೇಟಸ್ಸೇ.

ಮುಂದೆ ಅವನು ಖಾಯಂ ಸಂಬಳದ ಕೆಲಸಕ್ಕೆ ಸೇರಿದರೆ ನಿಮಗೆ ಇನ್ನೂ ಅನುಕೂಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ 20ನೇ ಕಲಂ ಪ್ರಕಾರ ಕೆಲಸ ಕೊಟ್ಟವರೇ ಸಂಬಳದಲ್ಲಿ ಹಿಡಿದು ನೇರವಾಗಿ ನಿಮಗೆ ಕೊಡಲಿ ಅಂತ ಮ್ಯಾಜಿಸ್ಟ್ರೇಟ್ ಹೇಳಬಹುದು. ಸಿವಿಲ್ ಡಿಕ್ರಿ (ಸಿವಿಲ್ ಕೋರ್ಟಿನ ತೀರ್ಪು) ಜಾರಿಯಲ್ಲೂ ಬೇರೆ ಸಾಲಕ್ಕೆ ಸಂಬಳ ಜಪ್ತಿ ಮಾಡುವುದಕ್ಕಿಂತ ಜೀವನಾಂಶಕ್ಕೆ ಹೆಚ್ಚು ಹಿಡಿಯಬಹುದು. ಸಂಬಳದ ಮೂರನೇ ಒಂದು ಭಾಗವನ್ನಷ್ಟೇ ಅವನಿಗೆ ಬಿಡಬೇಕು.

ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಂಡೂರು ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. ಇಲ್ಲವೇ 15100ಕ್ಕೆ ಫೋನ್ ಮಾಡಿ. ಮುಖ್ಯ ಅರ್ಜಿ ಜೊತೆಗೇ ಮಧ್ಯಂತರ ಜೀವನಾಂಶದ ಅರ್ಜಿ ಹಾಕಲಿಕ್ಕೆ ಹೇಳಿ. ನೋಟಿಸ್ ಮುಟ್ಟಿದ 60 ದಿನದೊಳಗೆ ಅದನ್ನು ಸಾಧ್ಯವಾದಷ್ಟೂ ತೀರ್ಮಾನಿಸಬೇಕು ಅಂತ ಕಾನೂನು ಇದೆ. ಕೆಲವು ಸಲ ಜಾಸ್ತಿ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮುಖ್ಯ ಕೇಸ್ ಮುಗಿಯುವವರೆಗೆ ಮಕ್ಕಳು ಕಾಯಬೇಕಾಗಿಲ್ಲ.

ಸಿಂಧನೂರಿನಿಂದ ಒಬ್ಬರು: ನಾನು ಜೀವನಾಂಶ ನಗದಾಗಿ ಕೊಡುವುದಿಲ್ಲ, ನಿಜ. ಆದರೆ ಮಗಳಿಗೆ ಸೈಕಲ್ ಕೊಡಿಸಿದ್ದೇನೆ, ಕಿವಿಗೆ ಬಂಗಾರದ ಓಲೆ ಮಾಡಿಸಿದ್ದೇನೆ, ಜಾತ್ರೆಗೆ ಕೈಯಲ್ಲಿ 2,000 ಕೊಟ್ಟಿದ್ದೇನೆ. ಎಲ್ಲ ಕೂಡಿದರೆ ಬಾಕಿಗಿಂತ ಜಾಸ್ತಿ ಆಗುತ್ತದೆ. ಇದು ಲೆಕ್ಕಕ್ಕೆ ಬರುವುದಿಲ್ಲವೇ?

ಸಾಮಾನ್ಯವಾಗಿ ಬರುವುದಿಲ್ಲ. ಅಪ್ಪ ಮಗಳಿಗೆ ಓಲೆ ಕೊಡಿಸಿದರೆ ಅದು ಪ್ರೀತಿ. ತಿಂಗಳ ಅಕ್ಕಿ, ಹಾಲು, ಟ್ಯೂಷನ್ ಫೀಸು ಓಲೆಯಿಂದ ಬರುವುದಿಲ್ಲ. ಆದೇಶದಲ್ಲಿ ತಿಂಗಳಿಗೆ ಇಷ್ಟು ದುಡ್ಡು ಅಂತ ಇದ್ದರೆ ಅಷ್ಟು ದುಡ್ಡು, ಪ್ರತಿ ತಿಂಗಳು, ಆದೇಶದಲ್ಲಿ ಹೇಳಿದ ಖಾತೆಗೆ ಹಾಕಬೇಕು. ಶಾಲೆ ಫೀಸನ್ನು ನೇರವಾಗಿ ಕಟ್ಟಿದ್ದರೆ ರಸೀದಿ ಇಟ್ಟುಕೊಂಡಿರಿ, ಆ ಮೊತ್ತ ಹೊಂದಿಸಿಕೊಡಿ ಅಂತ ಕೇಳಲಿಕ್ಕಾದರೂ ಆಗುತ್ತದೆ. ಜಾತ್ರೆಯಲ್ಲಿ ಕೈಗೆ ಕೊಟ್ಟದ್ದಕ್ಕೆ ಸಾಕ್ಷಿ ಯಾರು, ಮಿರ್ಚಿ ಬಜ್ಜಿ ಅಂಗಡಿಯವರಾ? ಮುಂದೆ ಫೋನ್‌ಪೇ ಆಗಲಿ, ಬ್ಯಾಂಕ್ ಆಗಲಿ, ‘ಇಂಥ ತಿಂಗಳ ಜೀವನಾಂಶ’ ಅಂತ ಬರೆದು ಹಾಕಿ. ಇದು ನಿಮ್ಮದೇ ರಕ್ಷಣೆಗೆ.

ಮಾನ್ವಿ ತಾಲೂಕಿನಿಂದ ಒಬ್ಬ ರೈತ: ನನಗೆ ಕೊಡಬಾರದು ಅಂತಿಲ್ಲ. ಕಾಲುವೆಯ ಕೊನೆ ಭಾಗ ನಮ್ಮದು. ಎರಡನೇ ಬೆಳೆಗೆ ನೀರು ಬರಲಿಲ್ಲ. ಹತ್ತಿಗೆ ರೋಗ ಬಂತು, ಮೆಣಸಿನಕಾಯಿಗೆ ರೇಟ್ ಬಿತ್ತು. ತಿಂಗಳಿಗೆ 7,000 ಅಂತ ಆದೇಶ ಆದಾಗ ಬೆಳೆ ಚೆನ್ನಾಗಿತ್ತು. ಈಗ ನಾಲ್ಕು ತಿಂಗಳಿಂದ ಕೊಟ್ಟಿಲ್ಲ. ನಾಚಿಕೆಗೆ ಫೋನ್ ಕೂಡ ಎತ್ತುತ್ತಿಲ್ಲ.

ಈ ಸಲದ ಪತ್ರಗಳಲ್ಲಿ ನನಗೆ ಜಾಸ್ತಿ ಕಾಡಿದ್ದು ನಿಮ್ಮದು. ನಿಮಗೂ ಗಂಗಾವತಿಯವರಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸ ಇದೆ. ‘ಸರಿಯಾದ ಕಾರಣ ಇಲ್ಲದೆ’ ಕೊಡದವರಿಗೆ ಜೈಲು ಅಂತ ಮೇಲೆ ಹೇಳಿದೆನಲ್ಲ, ಬೆಳೆ ಹೋದದ್ದು ಕಾರಣ ಆಗಬಹುದು. ಆದರೆ ನೀವು ಬಾಯಿ ಬಿಟ್ಟು ಹೇಳಿದರೆ ತಾನೇ? ಫೋನ್ ಎತ್ತದೆ, ನೋಟಿಸ್ ತಗೊಳ್ಳದೆ, ತಾರೀಖಿಗೆ ಹೋಗದೆ ಕೂತರೆ ಕಡತದಲ್ಲಿ ನೀವೂ ಗಂಗಾವತಿಯವರೂ ಒಂದೇ ರೀತಿ ಕಾಣುತ್ತೀರಿ.

ಹೊಸ ಸಂಹಿತೆಯ 146ನೇ ಕಲಂ ಇರುವುದೇ ಇದಕ್ಕೆ. ಹಿಂದೆ 127 ಅನ್ನುತ್ತಿದ್ದರು. ಪರಿಸ್ಥಿತಿ ಬದಲಾಗಿದೆ ಅಂತ ತೋರಿಸಿದರೆ ಮೊತ್ತ ಕಡಿಮೆ ಮಾಡಬಹುದು. ಅಮ್ಮನ ಕಡೆಯಿಂದ ಜಾಸ್ತಿ ಮಾಡಿ ಅಂತ ಕೇಳುವುದೂ ಇದೇ ಕಲಂನಲ್ಲಿ. ಬೆಳೆ ಹಾನಿ ಬಗ್ಗೆ ಗ್ರಾಮ ಆಡಳಿತಾಧಿಕಾರಿ ಕೊಟ್ಟ ಪತ್ರ, ಬೆಳೆ ವಿಮೆ ಕಾಗದ, ಮಾರುಕಟ್ಟೆಯ ಪಟ್ಟಿ ಚೀಟಿ, ಸೊಸೈಟಿ ಸಾಲದ ಬಾಕಿ ವಿವರ, ಇವನ್ನೆಲ್ಲ ಜೋಡಿಸಿ ಅರ್ಜಿ ಹಾಕಿ. ಕೋರ್ಟ್ ಬದಲಾಯಿಸುವವರೆಗೂ ಹಳೆ 7,000 ಓಡುತ್ತಲೇ ಇರುತ್ತದೆ, ಅದನ್ನು ಮರೆಯಬೇಡಿ. ನೀವಾಗಿಯೇ 3,000ಕ್ಕೆ ಇಳಿಸಿಕೊಂಡರೆ ಉಳಿದ 4,000 ಬಾಕಿಯಲ್ಲೇ ಬೀಳುತ್ತದೆ. ಹಾಗಂತ ಏನೂ ಹಾಕದೆ ಇರಬೇಡಿ. 1,500 ಆದರೂ ಸರಿ, ತಿಂಗಳು ತಿಂಗಳು ಹಾಕಿ. ಪಾಸ್‌ಬುಕ್ಕಿನಲ್ಲಿ ಆ ಸಾಲುಗಳು ಕಾಣಿಸಿದರೆ ನಿಮ್ಮ ಮನಸ್ಸು ಏನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ.

ಇವತ್ತು ಫೋನ್ ಎತ್ತಿ. ಮಗುವಿನ ಅಮ್ಮನಿಗೆ ಬೆಳೆ ಹೋದದ್ದು ಗೊತ್ತಿಲ್ಲದೆ ಇರಲಿಕ್ಕಿಲ್ಲ, ನಿಮ್ಮ ಬಾಯಿಂದ ಕೇಳಿಲ್ಲ ಅಷ್ಟೇ.

ಲಿಂಗಸುಗೂರಿನಿಂದ ಒಬ್ಬ ಅಜ್ಜ: ನನ್ನ ಮಗ ಜೀವನಾಂಶ ಕಟ್ಟದೆ ಬೆಂಗಳೂರಿಗೆ ಹೋಗಿ ಕೂತಿದ್ದಾನೆ. ಪೊಲೀಸರು ಎರಡು ಸಲ ನಮ್ಮ ಮನೆಗೆ ಬಂದು ಕೇಳಿದರು. ನನ್ನ ಹೊಲ, ಎರಡು ಎಮ್ಮೆ ಜಪ್ತಿ ಮಾಡುತ್ತಾರಾ?

ಹೆದರಬೇಡಿ. ಈ ಆದೇಶ ಇರುವುದು ನಿಮ್ಮ ಮಗನ ಮೇಲೆ. ನೀವು ದುಡಿದು ಕೊಂಡ, ನಿಮ್ಮ ಹೆಸರಿನಲ್ಲಿರುವ ಹೊಲ, ನಿಮ್ಮ ಎಮ್ಮೆ ನಿಮ್ಮದೇ. ಪಿತ್ರಾರ್ಜಿತ ಹೊಲ ಆಗಿದ್ದು ಅದರಲ್ಲಿ ಮಗನ ಪಾಲು ಇದ್ದರೆ ಆ ಪಾಲಿನ ಮೇಲೆ ಮಾತ್ರ ಕಣ್ಣು ಬೀಳಬಹುದು. ಜಪ್ತಿ ನೋಟಿಸ್ ಬಂದರೆ ಸುಮ್ನೆ ಕೂರದೆ ಪಹಣಿ ತಗೊಂಡು ಕೋರ್ಟಿಗೆ ಹೋಗಿ ‘ಇದು ನನ್ನ ಸ್ವಂತದ್ದು’ ಅಂತ ಅರ್ಜಿ ಹಾಕಿ. ಪೊಲೀಸರಿಗೆ ಮಗನ ವಿಳಾಸ ಗೊತ್ತಿಲ್ಲ ಅಂತ ಹೇಳಿದ್ದೀರಂತೆ, ಗೊತ್ತಿದ್ದೂ. ಆ ಕೆಲಸ ಮಾಡಬೇಡಿ. ಬೆಂಗಳೂರು ಅಂದರೆ ವಾರಂಟ್ ಮುಟ್ಟದ ಊರೇನೂ ಅಲ್ಲ, ಇಲ್ಲಿನ ಕೋರ್ಟಿನ ಕಾಗದ ಅಲ್ಲಿನ ಠಾಣೆಗೂ ಹೋಗುತ್ತದೆ. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಮೊಮ್ಮಗಳನ್ನು ನೋಡಿ ಎಷ್ಟು ದಿನ ಆಯ್ತು? ಮಗನ ಬಾಕಿ ನೀವು ತೀರಿಸಬೇಕಾಗಿಲ್ಲ. ಆದರೆ ಸೊಸೆಯ ಮನೆಗೆ ಹೋಗಲಿಕ್ಕೆ ನಿಮಗೆ ಯಾವ ವಾರಂಟೂ ಅಡ್ಡ ಬರುವುದಿಲ್ಲ.

ಬಳ್ಳಾರಿಯಿಂದ ಒಬ್ಬ ತಾಯಿ: ಆರು ವರ್ಷದ ಹಿಂದೆ ಪರಸ್ಪರ ಒಪ್ಪಿ ವಿಚ್ಛೇದನ ತಗೊಂಡೆವು. ‘ಮುಂದೆ ಮಗಳಿಗೂ ಏನೂ ಕೇಳುವುದಿಲ್ಲ’ ಅಂತ ನಾನು ಬರೆದುಕೊಟ್ಟಿದ್ದೇನೆ. ಮಗಳಿಗೆ ಈಗ ಹದಿನೇಳು, ಪಿಯುಸಿ. ಈಗ ಕೇಳಬಹುದಾ?

ಕೇಳಬಹುದು. ನಿಮ್ಮ ಹಕ್ಕನ್ನು ನೀವು ಬಿಟ್ಟುಕೊಡಬಹುದು, ಮಗಳ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ನಿಮಗಿಲ್ಲ. 144ನೇ ಕಲಂ ಮುಖ್ಯವಾಗಿ ಅಪ್ರಾಪ್ತ ಮಕ್ಕಳಿಗೆ, ಹಾಗಾಗಿ ಹದಿನೆಂಟು ತುಂಬುವ ಮೊದಲು ಹಾಕಿ. ಆಮೇಲೆಯೂ ದಾರಿ ಇದೆ. ಹಿಂದೂಗಳಲ್ಲಿ ಮದುವೆ ಆಗದ, ಸ್ವಂತ ಆದಾಯ ಇಲ್ಲದ ಮಗಳು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಅಪ್ಪನನ್ನು ಕೇಳಬಹುದು. 2020ರ ಅಭಿಲಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಅದಕ್ಕೆ ಮಗಳೇ ಅರ್ಜಿ ಹಾಕಬೇಕಾಗುತ್ತದೆ.

ಕಂಪ್ಲಿಯಿಂದ ಒಬ್ಬರು: ನಮಗೆ ಮದುವೆ ಅಂತ ಆಗಿಲ್ಲ. ಅವನಿಗೆ ಬೇರೆ ಸಂಸಾರ ಇದೆ. ಮಗ ಹುಟ್ಟಿದಾಗ ಆಸ್ಪತ್ರೆಯಲ್ಲಿ ಅಪ್ಪ ಅಂತ ಸಹಿ ಹಾಕಿದ್ದ. ಈಗ ‘ತಾಳಿ ಕಟ್ಟಿಲ್ಲ, ಕೋರ್ಟಿಗೆ ಹೋದರೂ ಒಂದು ರೂಪಾಯಿ ಸಿಗಲ್ಲ’ ಅಂತ ಹೆದರಿಸುತ್ತಾನೆ.

ಅವನು ಹೇಳಿದ್ದು ತಪ್ಪು. ಮದುವೆಯೊಳಗೆ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಅಂತ 144ನೇ ಕಲಂ ಭೇದ ಮಾಡುವುದಿಲ್ಲ. ಎರಡಕ್ಕೂ ಜೀವನಾಂಶ ಇದೆ ಅಂತ ಅದರಲ್ಲೇ ಬರೆದಿದೆ. ನಿಮಗೆ ಸಿಗುವುದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಮಗನದು ಅದಕ್ಕೆ ಕಾಯಬೇಕಾಗಿಲ್ಲ. ಆಸ್ಪತ್ರೆ ಕಾಗದ, ಜನನ ಪ್ರಮಾಣಪತ್ರ, ಅಂಗನವಾಡಿ ಅಥವಾ ಶಾಲೆಯ ದಾಖಲಾತಿಯಲ್ಲಿ ಅಪ್ಪನ ಹೆಸರು, ಅವನು ಹಿಂದೆ ದುಡ್ಡು ಕಳಿಸಿದ್ದರ ದಾಖಲೆ, ಮೂವರೂ ಇರುವ ಫೋಟೊ, ಇವುಗಳ ಮೂಲ ಪ್ರತಿ ಅವನ ಕೈಗೆ ಸಿಗದ ಕಡೆ ಇಡಿ, ಜೆರಾಕ್ಸ್ ಬೇರೆ ಕಡೆ ಇಡಿ. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ‘ಮಗನ ಪರವಾಗಿ ಜೀವನಾಂಶದ ಅರ್ಜಿ ಹಾಕಬೇಕು’ ಅಂತ ಹೇಳಿ. ಅವನು ಮನೆಗೆ ಬಂದು ಹೆದರಿಸಿದರೆ 112ಕ್ಕೆ ಫೋನ್ ಮಾಡಿ, ಹೆಣ್ಣುಮಕ್ಕಳ ಸಹಾಯವಾಣಿ 181 ಕೂಡ ಇದೆ. ಮಗನನ್ನು ಕರೆದುಕೊಂಡು ಹೋಗುವ ಅಗತ್ಯ ಇಲ್ಲ. ಶಾಲೆ ತಪ್ಪಿಸಬೇಡಿ, ಕಾಗದ ಮಾತ್ರ ತಗೊಂಡು ಹೋಗಿ.